ಭರಣಿಗೆ ಬಾರದ ಸಕ್ಕರೆ

(ಯಲಬುರ್ಗಾ ತಾಲೂಕಿನ ಬೇವೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸವೆಂದರೆ ಶಾಸನ, ವಚನ, ಕೀರ್ತನೆ, ಜನಪದ ಹಾಡುಗಳ ಮೇಲೆ ಮಾತಾಡುವುದು ರೂಢಿ. ಕುಕನೂರಿನ ಮಹಾಮಾಯೆ, ಇಟಗಿಯ ಮಹಾದೇವ ದೇವಾಲಯ, ಕೊಪ್ಪಳದ ಅಶೋಕನ ಶಾಸನಗಳು ಇಷ್ಟು ಹತ್ತಿರ ಇರುವಾಗ ನಾನು ಯುದ್ಧಕಾಲದ ಸಕ್ಕರೆಯನ್ನೂ ಅಡುಗೆಮನೆಯ ಮಾವು-ಬೆಲ್ಲದ ಗುಳಂಬದ ಭರಣಿಯನ್ನೂ ವಿಷಯವಾಗಿ ಆರಿಸಿಕೊಂಡಿದ್ದೇನೆ. ಈ ಭಾಗದ ಚರಿತ್ರೆಯಲ್ಲಿ ಹೆಣ್ಣುಮಕ್ಕಳು ಮಾಡಿದ ಕೆಲಸಕ್ಕೆ ಕಲ್ಲಿನ ಮೇಲೆ ಜಾಗ ಸಿಗಲಿಲ್ಲ, ಕಾಗದದ ಮೇಲೂ ಸಿಗಲಿಲ್ಲ. ಸಿಕ್ಕಿದ್ದು ಭರಣಿಯಲ್ಲಿ ಮಾತ್ರ. ಆ ಭರಣಿ ಯುದ್ಧದ ಕಾಲದಲ್ಲಿ ಹೇಗೆ ತುಂಬಿತು, ಅದಕ್ಕೆ ಯಾವ ಸರಕಾರ ಏನು ಕೊಟ್ಟಿತು, ಏನು ಕೊಡಲಿಲ್ಲ ಎಂಬುದನ್ನು ಕೇಳಿದರೆ ಒಂದು ಆಡಳಿತ ತನ್ನ ಪ್ರಜೆಗಳ ಮನೆಯನ್ನು ಹೇಗೆ ಕಂಡಿತು ಎಂಬುದು ತಿಳಿಯುತ್ತದೆ.

ಎರಡನೆಯ ಮಹಾಯುದ್ಧದ ಬಗ್ಗೆ ನಮ್ಮ ಕಡೆಯ ಹಿರಿಯರು ಮಾತಾಡುವಾಗ ಹಿಟ್ಲರನ ಹೆಸರು ಒಂದು ಸಲ ಬಂದರೆ ‘ಕಂಟ್ರೋಲ್’ ಎಂಬ ಮಾತು ಹತ್ತು ಸಲ ಬರುತ್ತಿತ್ತು. ಕಂಟ್ರೋಲ್ ಅರಿವೆ, ಕಂಟ್ರೋಲ್ ಸೀಮೆಎಣ್ಣೆ, ಕಂಟ್ರೋಲ್ ಸಕ್ಕರೆ. ಬಾಂಬು ಬೀಳದ ಊರಿಗೆ ಯುದ್ಧ ಬಂದದ್ದು ಹೀಗೆ, ಅಂಗಡಿಯ ಬಾಗಿಲಿನಿಂದ. ಆದರೆ ನಮ್ಮ ಊರಿನ ಕಥೆಗೆ ಹೋಗುವ ಮೊದಲು ಯುದ್ಧ ಮಾಡುತ್ತಿದ್ದ ದೇಶಗಳ ಅಡುಗೆಮನೆಯನ್ನು ಸ್ವಲ್ಪ ನೋಡಬೇಕು. ಹೋಲಿಕೆ ಇಲ್ಲದೆ ನಮ್ಮ ಕೊರತೆ ಎಲ್ಲಿದೆ ಎಂಬುದು ಕಾಣುವುದಿಲ್ಲ.

ಬ್ರಿಟನ್ನಿನಲ್ಲಿ 1940ರ ಜನವರಿ 8ರಂದು ಸಕ್ಕರೆ, ಬೆಣ್ಣೆ, ಉಪ್ಪು ಹಾಕಿದ ಹಂದಿಮಾಂಸ ಪಡಿತರಕ್ಕೆ ಬಂದವು. ವಾರಕ್ಕೆ ಒಬ್ಬರಿಗೆ ಮೊದಲು 12 ಔನ್ಸ್, ಅಂದರೆ ಸುಮಾರು 340 ಗ್ರಾಂ ಸಕ್ಕರೆ. ಮುಂದೆ ಅದು 8 ಔನ್ಸಿಗೆ, ಸುಮಾರು 227 ಗ್ರಾಂಗೆ ಇಳಿಯಿತು. ಚಹಾಕ್ಕೂ ಅದೇ, ಮಕ್ಕಳ ತಿಂಡಿಗೂ ಅದೇ. ಅಂಥ ದೇಶದಲ್ಲಿ ಬೇಸಿಗೆ ಬಂತೆಂದರೆ ಮನೆಮನೆಯ ಹಿತ್ತಲಲ್ಲಿ ಪ್ಲಮ್, ಸೇಬು, ಬೆರಿ ಹಣ್ಣುಗಳು ಗಿಡದ ಕೆಳಗೆ ಬಿದ್ದು ಕೊಳೆಯುವ ಸ್ಥಿತಿ. ಹಣ್ಣು ಇದೆ, ಕುದಿಸುವ ಕೈ ಇದೆ, ಸಕ್ಕರೆ ಇಲ್ಲ. ಆಗ ಹಳ್ಳಿಯ ಹೆಂಗಸರ ಸಂಘಟನೆಯಾದ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಆಹಾರ ಸಚಿವಾಲಯದ ಬೆನ್ನು ಹತ್ತಿ ಜಾಮ್ ಮಾಡಲೆಂದೇ ಸಕ್ಕರೆ ಪಡೆಯಿತು. ಹಳ್ಳಿಯ ಸಭಾಭವನ, ಶಾಲೆಯ ಅಡುಗೆಮನೆ, ಯಾರದೋ ಕೊಟ್ಟಿಗೆ, ಹೀಗೆ ಸಿಕ್ಕ ಜಾಗದಲ್ಲೆಲ್ಲ ಸಂರಕ್ಷಣಾ ಕೇಂದ್ರಗಳು ಎದ್ದವು. ಡಬ್ಬಿಯ ಬಾಯಿ ಮುಚ್ಚುವ ಕೈಯಂತ್ರಗಳನ್ನು ಅಮೆರಿಕದ ಹೆಂಗಸರು ಹಡಗಿನಲ್ಲಿ ಕಳಿಸಿದರು. 1940ರಿಂದ 1945ರವರೆಗೆ ಆ ಕೇಂದ್ರಗಳಲ್ಲಿ 5,300 ಟನ್ನಿಗೂ ಹೆಚ್ಚು ಹಣ್ಣು ಹಾಳಾಗದೆ ಉಳಿಯಿತು.

ಇದರಲ್ಲಿ ಒಂದು ಕಟ್ಟುನಿಟ್ಟು ಇತ್ತು. ಹೆಂಗಸರು ದಿನವಿಡೀ ನಿಂತು ಕುದಿಸಿದ ಜಾಮನ್ನು ತಮ್ಮ ಮನೆಗೆ ಒಯ್ಯುವಂತಿರಲಿಲ್ಲ. ಅದು ಸರಕಾರ ಹೇಳಿದ ಗುಣಮಟ್ಟಕ್ಕೆ ಸರಿಹೊಂದಬೇಕಿತ್ತು, ಅಂಗಡಿಗೆ ಹೋಗಬೇಕಿತ್ತು, ಎಲ್ಲರಂತೆ ಅವರೂ ಪಡಿತರ ಚೀಟಿ ಕೊಟ್ಟು ಕೊಳ್ಳಬೇಕಿತ್ತು. ಹಲವರಿಗೆ ಇದು ಬೇಸರ ತಂದಿತು. ನನಗೆ ಮಾತ್ರ ಇದರಲ್ಲಿ ಗೌರವವೇ ಹೆಚ್ಚಾಗಿ ಕಾಣುತ್ತದೆ. ಕಾರ್ಖಾನೆಯ ಕೆಲಸಕ್ಕೆ ಇರುವ ಲೆಕ್ಕವನ್ನೇ ಅಡುಗೆಮನೆಯ ಕೆಲಸಕ್ಕೂ ಹಚ್ಚಿದರು. ತಮ್ಮ ಮನೆಯಲ್ಲೇ ಮಾಡಿಕೊಳ್ಳುವವರಿಗೂ ದಾರಿ ಇತ್ತು. 1941ರ ಮಾರ್ಚಿನಲ್ಲಿ ಜಾಮ್ ಕೂಡ ಪಡಿತರಕ್ಕೆ ಸೇರಿದ ಮೇಲೆ, ಹಣ್ಣಿನ ಕಾಲದಲ್ಲಿ ತಮ್ಮ ಪಾಲಿನ ಜಾಮಿನ ಬದಲು ಸಕ್ಕರೆಯನ್ನೇ ಪಡೆಯುವ ಅವಕಾಶ ಮಾಡಿಕೊಟ್ಟರು.

ಅಮೆರಿಕಕ್ಕೆ ಸಕ್ಕರೆಯ ಹೊಡೆತ ಬಿದ್ದದ್ದು ಬೇರೆ ಕಡೆಯಿಂದ. ಫಿಲಿಪ್ಪೀನ್ಸ್ ಜಪಾನಿನ ಕೈಗೆ ಹೋಯಿತು, ಸಕ್ಕರೆ ತರುವ ಹಡಗುಗಳು ಸೈನ್ಯದ ಕೆಲಸಕ್ಕೆ ಹೋದವು. 1942ರ ಮೇ ತಿಂಗಳಲ್ಲಿ ಆ ದೇಶದ ಮೊದಲ ಪಡಿತರ ಪುಸ್ತಕ ಹಂಚಿದಾಗ ಅದರಿಂದ ಕೊಳ್ಳಬೇಕಾದ ಮೊದಲ ವಸ್ತುವೇ ಸಕ್ಕರೆ. ಜೊತೆಯಲ್ಲೇ ಇನ್ನೊಂದು ನಿಯಮ ಬಂತು. ಮನೆಯಲ್ಲಿ ಹಣ್ಣು ಡಬ್ಬಿ ಹಾಕುವವರು ಊರಿನ ಪಡಿತರ ಮಂಡಳಿಗೆ ಅರ್ಜಿ ಕೊಡಬೇಕು. ಮನೆಯಲ್ಲಿ ಎಷ್ಟು ಜನ, ಹೋದ ವರ್ಷ ಎಷ್ಟು ಡಬ್ಬಿ ಹಾಕಿದಿರಿ, ಈ ವರ್ಷ ಎಷ್ಟು ಹಾಕುವಿರಿ ಎಂದು ಬರೆಯಬೇಕು. ನಾಲ್ಕು ಕ್ವಾರ್ಟ್ ಹಣ್ಣಿಗೆ, ಅಂದರೆ ಹೆಚ್ಚುಕಡಿಮೆ ನಾಲ್ಕು ಲೀಟರಿಗೆ, ಒಂದು ಪೌಂಡ್ ಸಕ್ಕರೆ. ಜಾಮ್, ಜೆಲ್ಲಿಗೆಂದು ತಲೆಗೆ ವರ್ಷಕ್ಕೆ ಇನ್ನೊಂದು ಪೌಂಡ್. ಮುಂದಿನ ವರ್ಷಗಳಲ್ಲಿ ಈ ಪಾಲು ಬೆಳೆಯಿತು. ದುರುಪಯೋಗವೂ ಆಯಿತು, ಡಬ್ಬಿಗೆಂದು ತಂದ ಸಕ್ಕರೆ ಕಾಫಿಗೆ ಬಿತ್ತು, 1945ರಲ್ಲಿ ನಿಯಮ ಬಿಗಿ ಮಾಡಬೇಕಾಯಿತು. ಆದರೂ ಅರ್ಜಿಯಲ್ಲಿ ಕೇಳಿದ ಆ ಪ್ರಶ್ನೆ ನೋಡಿ: ಹೋದ ವರ್ಷ ಎಷ್ಟು ಹಾಕಿದಿರಿ? ಒಬ್ಬ ಗೃಹಿಣಿಯ ಹಿಂದಿನ ವರ್ಷದ ದುಡಿಮೆಯನ್ನು ಸರಕಾರಿ ಕಾಗದವೊಂದು ಕೇಳಿ ಬರೆದುಕೊಂಡಿತು. ಯಲಬುರ್ಗಾ ತಾಲೂಕಿನ ಯಾವ ಹೆಣ್ಣುಮಗಳನ್ನೂ ಯಾವ ಕಚೇರಿಯೂ ಹೀಗೆ ಕೇಳಿದ್ದಿಲ್ಲ.

ಜಾಮಿಗೆ ಇಷ್ಟೊಂದು ಸಕ್ಕರೆ ಯಾಕೆ ಬೇಕು ಎಂದು ಕೇಳಬಹುದು. ರುಚಿಗೆ ಮಾತ್ರವಾಗಿದ್ದರೆ ಅರ್ಧ ಹಾಕಿದರೂ ನಡೆಯುತ್ತಿತ್ತು. ಹಣ್ಣಿನಲ್ಲಿ ನೀರಿದೆ, ನೀರಿದ್ದಲ್ಲಿ ಬೂಷ್ಟು ಬೆಳೆಯುತ್ತದೆ, ಹುಳಿ ಏಳುತ್ತದೆ. ಸಕ್ಕರೆ ಆ ನೀರನ್ನು ಹಿಡಿದುಕೊಂಡು ಬೂಷ್ಟಿಗೆ ಸಿಗದಂತೆ ಮಾಡುತ್ತದೆ. ನೂರು ಭಾಗ ಜಾಮಿನಲ್ಲಿ 65 ಭಾಗದಷ್ಟು ಕರಗಿದ ಘನಾಂಶ ಇದ್ದರೆ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಕುದಿಯುವ ಪಾಕ 105 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಆ ಹದ ಸಿಗುತ್ತದೆ. ಹಣ್ಣಿನ ಹುಳಿ, ಅದರೊಳಗಿನ ಪೆಕ್ಟಿನ್ ಎಂಬ ಅಂಟು, ಸಕ್ಕರೆ ಈ ಮೂರೂ ಕೂಡಿದರೇ ಗಟ್ಟಿ ಬರುವುದು. ಆದ್ದರಿಂದ ಒಂದು ಕಿಲೊ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೊ ಸಕ್ಕರೆ ಎಂಬ ಲೆಕ್ಕ ಎಲ್ಲ ದೇಶದ ಅಡುಗೆಮನೆಯಲ್ಲೂ ಬೇರೂರಿದೆ. ತಲೆಗೆ ವಾರಕ್ಕೆ 227 ಗ್ರಾಂ ಸಿಗುವ ಮನೆಯಲ್ಲಿ ನಾಲ್ಕು ಜನ ಚಹಾ ಬಿಟ್ಟು ಕೂತರೂ ವಾರಕ್ಕೆ ಒಂದು ಕಿಲೊ ಹಣ್ಣನ್ನು ಉಳಿಸಲಾಗದು. ಬೇರೆ ಸಕ್ಕರೆ ಕೊಡದೆ ಹಣ್ಣು ಕೂಡಿಡಿ ಎಂದರೆ ಅದು ಬರಿಮಾತು.

ಈಗ ತುಂಗಭದ್ರೆಯ ಈಚೆಗೆ, ನಮ್ಮ ಊರಿಗೆ ಬರೋಣ. ಯುದ್ಧ ಶುರುವಾದಾಗ ಬೇವೂರು ಬ್ರಿಟಿಷರ ನೆಲವಾಗಿರಲಿಲ್ಲ. ಕೊಪ್ಪಳ, ಯಲಬುರ್ಗಾ ಸೀಮೆ ಹೈದರಾಬಾದ್ ಸಂಸ್ಥಾನದೊಳಗಿನ ಸಾಲಾರ್ ಜಂಗ್ ಮನೆತನದ ಜಹಗೀರು. ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಪಶ್ಚಿಮಕ್ಕೆ ಗಜೇಂದ್ರಗಡ, ಮುಂಡರಗಿಯ ಕಡೆ ಹೋದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಒಂದೇ ಭಾಷೆ, ಒಂದೇ ಬೀಗತನ, ಮೂರು ಸರಕಾರ. ನಡುವೆ ಕರೋಡಗಿರಿ ನಾಕಾ. ಹೊರಗಿಂದ ಬರುವ ಸರಕಿಗೆ ಅಲ್ಲಿ ನೂರಕ್ಕೆ ಐದರಂತೆ ಸುಂಕ. ರೊಕ್ಕವೂ ಬೇರೆ, ಹಾಲಿ ಸಿಕ್ಕಾ. ಅದರ ಏಳು ರೂಪಾಯಿಗೆ ಬ್ರಿಟಿಷ್ ಕಲ್ದಾರ್ ಆರು. ಹೀಗಾಗಿ ಗಜೇಂದ್ರಗಡದ ಸಂತೆಯಲ್ಲಿ ಒಂದು ದರದ ಸಕ್ಕರೆ ಬೇವೂರಿನ ಅಡುಗೆಮನೆ ಸೇರುವ ಹೊತ್ತಿಗೆ ಇನ್ನೊಂದು ದರವಾಗುತ್ತಿತ್ತು, ಸೇರಿದರೆ.

ಸಕ್ಕರೆ ಹತ್ತಿರದಲ್ಲಿ ಇರಲಿಲ್ಲ ಎನ್ನುವಂತೆಯೂ ಇಲ್ಲ. 1932ರಲ್ಲಿ ಜಾವಾ ಸಕ್ಕರೆಯ ಮೇಲೆ ರಕ್ಷಣಾ ಸುಂಕ ಬಿದ್ದ ಮೇಲೆ ದೇಶದ ತುಂಬ ಕಾರ್ಖಾನೆಗಳು ಎದ್ದವು. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಅದೇ ಕಾಲದಲ್ಲಿ ಹೊಸಪೇಟೆಯಲ್ಲಿ ಇಂಡಿಯಾ ಶುಗರ್ಸ್ ಅಂಡ್ ರಿಫೈನರೀಸ್. ನಿಜಾಮರ ಸೀಮೆಯಲ್ಲಿ 1937ರಲ್ಲಿ ಬೋಧನದ ನಿಜಾಂ ಸಕ್ಕರೆ ಕಾರ್ಖಾನೆ. ಹೊಸಪೇಟೆಯ ಕಾರ್ಖಾನೆ ಕೊಪ್ಪಳಕ್ಕೆ ಎದುರುಮನೆಯಷ್ಟು ಹತ್ತಿರ, ಆದರೆ ನಡುವೆ ಹೊಳೆ ಇತ್ತು, ಹೊಳೆಗಿಂತ ಅಗಲವಾದ ಗಡಿ ಇತ್ತು. ನಮ್ಮ ಸರಕಾರದ್ದೆಂಬ ಬೋಧನ ಇದ್ದದ್ದು ಇಲ್ಲಿಂದ ಬಲು ದೂರದ ನಿಜಾಮಾಬಾದಿನಲ್ಲಿ.

1942 ಬಂತು. ಬರ್ಮಾ ಜಪಾನಿನ ಪಾಲಾಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ರೈಲಿನ ವ್ಯಾಗನ್ನುಗಳು ಸೈನ್ಯದ ಸರಕಿಗೆ ಮೀಸಲಾದವು. ಉತ್ತರದ ಸಂಯುಕ್ತ ಪ್ರಾಂತ್ಯ, ಬಿಹಾರಗಳ ಸಕ್ಕರೆ ದಕ್ಷಿಣಕ್ಕೆ ಬರುವುದು ಕಷ್ಟವಾಯಿತು. ಆ ವರ್ಷವೇ ಭಾರತ ಸರಕಾರ ಸಕ್ಕರೆ ನಿಯಂತ್ರಣ ಆಜ್ಞೆ ಹೊರಡಿಸಿ ಕಂಟ್ರೋಲರನ್ನು ನೇಮಿಸಿತು. ಮರುವರ್ಷ ಬೆಲ್ಲಕ್ಕೂ ಕಂಟ್ರೋಲ್ ಬಂತು. ಮುಂಬಯಿ ನಗರದಲ್ಲಿ 1943ರ ಮೇ 2ರಂದು ಪಡಿತರ ಶುರುವಾಯಿತು. ಅದೇ ಹೊತ್ತಿಗೆ ನಮ್ಮ ಪಕ್ಕದ ಬಿಜಾಪುರ ಜಿಲ್ಲೆ 1942–43ರ ಬರದಲ್ಲಿ ಬೆಂದಿತ್ತು, ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸಾಯುತ್ತಿದ್ದರು.

ಈ ಸಾವುಗಳ ಎದುರಿಗೆ ಜಾಮಿನ ಮಾತು ಸಣ್ಣದೆಂದು ಯಾರಿಗಾದರೂ ಅನ್ನಿಸಿದರೆ ನಾನು ಒಪ್ಪುತ್ತೇನೆ. ಜೋಳ ಮೊದಲು, ಸಿಹಿ ಆಮೇಲೆ. ಆದರೆ ಜೋಳದ ವಿಷಯದಲ್ಲೂ ಆಡಳಿತದ ನೋಟ ಒಂದೇ ಆಗಿತ್ತು. ಪಡಿತರ ದೊಡ್ಡ ನಗರಗಳಿಗೆ, ಲೇವಿ ಹಳ್ಳಿಗಳಿಗೆ. ಒಂದು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳಿಗೆ ಪಡಿತರ ಬೇಕೆಂದು 1943ರ ಆಹಾರಧಾನ್ಯ ನೀತಿ ಸಮಿತಿ ಹೇಳಿತು. ಹಳ್ಳಿಯವನು ಬೆಳೆಯುತ್ತಾನೆ, ಅವನಿಗೇನು ಕೊರತೆ ಎಂಬ ಎಣಿಕೆ ಅದರ ಹಿಂದಿತ್ತು. ಹೈದರಾಬಾದ್ ಸಂಸ್ಥಾನದಲ್ಲಿ ಪಟೇಲ, ಪಟವಾರಿಗಳು ಹೊಲದ ಲೆಕ್ಕ ಹಿಡಿದು ಬಂದು ಲೇವಿ ಧಾನ್ಯ ಅಳೆಸಿಕೊಂಡು ಹೋಗುತ್ತಿದ್ದರು. ಹಗೇವಿನ ಜೋಳದ ಮೇಲೂ ಅವರ ಕಣ್ಣು. ಹಳ್ಳಿಯ ಮನೆಯಿಂದ ಒಯ್ಯುವುದಕ್ಕೆ ವ್ಯವಸ್ಥೆ ಇತ್ತು. ಆ ಮನೆ ಏನನ್ನು ಕೂಡಿಡುತ್ತದೆ, ಅದಕ್ಕೆ ಏನು ಬೇಕು ಎಂದು ಕೇಳುವ ವ್ಯವಸ್ಥೆ ಇರಲಿಲ್ಲ.

ಹಾಗಾದರೆ ನಮ್ಮ ತಾಯಂದಿರು ಏನು ಮಾಡಿದರು? ಬೆಲ್ಲಕ್ಕೆ ಹೋದರು. ಹೋದರು ಎನ್ನುವುದೂ ಪೂರ್ತಿ ಸರಿಯಲ್ಲ, ಅವರು ಬೆಲ್ಲದಲ್ಲೇ ಇದ್ದರು. ಹಳ್ಳಿಯಲ್ಲಿ ಸಕ್ಕರೆ ಅಂದರೆ ಬೀಗರು ಬಂದಾಗಿನ ಚಹಾ, ಪೂಜೆಯ ಪ್ರಸಾದ, ಬಾಣಂತಿಗೆ ಒಂದಿಷ್ಟು. ವರ್ಷದ ಸಿಹಿ ಎಲ್ಲ ಬೆಲ್ಲದ ಪೆಂಟೆಯಿಂದ. ಹೋಳಿಗೆ, ಮಾದಲಿ, ಕರಿಗಡಬು, ಎಳ್ಳುಂಡಿ, ಎಲ್ಲವೂ. ಮಾದಲಿಯನ್ನೇ ನೋಡಿ. ರೊಟ್ಟಿಯನ್ನು ಕಾಯಿಸಿ ಕುಟ್ಟಿ, ಬೆಲ್ಲ, ಏಲಕ್ಕಿ, ಗಸಗಸೆ ಕಲಸಿ ಇಟ್ಟರೆ ದಿನಗಟ್ಟಲೆ ಕೆಡದು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಲಕ್ಷಾಂತರ ಜನರಿಗೆ ಬಡಿಸುವ ಸಿಹಿ ಅದು. ಕೂಡಿಡುವ ವಿದ್ಯೆ ನಮ್ಮವರಿಗೆ ಹೊಸದಾಗಿರಲಿಲ್ಲ.

ಗುಳಂಬದ ಮಾತಿಗೆ ಬರುತ್ತೇನೆ. ಜಾಮ್ ಎಂಬ ಹೆಸರು ನಮ್ಮ ಹಳ್ಳಿಗೆ ಬರುವ ಎಷ್ಟೋ ಮೊದಲಿನಿಂದ ಇಲ್ಲಿ ಗುಳಂಬ ಇತ್ತು, ಮುಸಲ್ಮಾನರ ಮನೆಗಳಲ್ಲಿ ನೆಲ್ಲಿಯ, ಮಾವಿನ ಮುರಬ್ಬ ಇತ್ತು. ನಮ್ಮ ದೊಡ್ಡವ್ವ ಮಾಡುತ್ತಿದ್ದ ರೀತಿಯನ್ನು ಹೇಳುತ್ತೇನೆ. ಯುಗಾದಿ ಕಳೆದು ಬಿಸಿಲು ಏರಿದ ಮೇಲೆ, ಗೊರಟೆ ಇನ್ನೂ ಗಟ್ಟಿಯಾಗುತ್ತಿರುವ, ಹುಳಿ ತುಂಬಿದ ಮಾವಿನಕಾಯಿ ತರಿಸುತ್ತಿದ್ದಳು. ತೊಳೆದು, ಅರಿವೆಯಿಂದ ಒರೆಸಿ, ನೆರಳಲ್ಲಿ ಆರಹಾಕಿ, ಒಂದು ಹನಿ ನೀರಿಲ್ಲ ಎಂದು ಖಾತ್ರಿಯಾದ ಮೇಲೆಯೇ ಸಿಪ್ಪೆ ತೆಗೆಯುವುದು. ಹೆರೆಮಣೆಯ ಮೇಲೆ ತುರಿ. ತುರಿಗೆ ತೂಕಕ್ಕೆ ತೂಕ ಬೆಲ್ಲ, ಕಾಯಿ ಬಲು ಹುಳಿ ಇದ್ದರೆ ಒಂದೂವರೆ ಪಟ್ಟು. ಕಲಾಯಿ ಹಾಕಿದ ಪಾತ್ರೆಯಲ್ಲಿ ಎರಡನ್ನೂ ಕಲಸಿ ಒಂದು ತಾಸು ಮುಚ್ಚಿಟ್ಟರೆ ಬೆಲ್ಲ ತಾನಾಗಿ ನೀರು ಬಿಡುತ್ತದೆ. ಆಮೇಲೆ ಸಣ್ಣ ಉರಿ, ಕೈ ಬಿಡದೆ ತಿರುವುವುದು. ಉರಿ ಜೋರಾದರೆ ತಳ ಹಿಡಿಯುತ್ತದೆ, ಕರಕಲು ವಾಸನೆ ಬರುತ್ತದೆ, ಅಷ್ಟೂ ಬೆಲ್ಲ ಹೋದಂತೆ. ತುರಿ ಗಾಜಿನಂತೆ ತಿಳಿಯಾಗಿ, ಬೆರಳು ಮತ್ತು ಹೆಬ್ಬೆರಳಿನ ನಡುವೆ ಪಾಕ ಒಂದೆಳೆ ಬಂದಾಗ ಇಳಿಸಿ ಲವಂಗ, ಏಲಕ್ಕಿ, ಚಿಟಿಕೆ ಉಪ್ಪು. ಪೂರ್ತಿ ಆರುವವರೆಗೆ ಮುಚ್ಚುವಂತಿಲ್ಲ, ಮುಚ್ಚಿದರೆ ಬೆವರಿನ ಹನಿ ಒಳಗೆ ಬೀಳುತ್ತದೆ. ಭರಣಿಗೆ ತುಂಬಿ ಬಾಯಿಗೆ ಅರಿವೆ ಕಟ್ಟಿ ಅಟ್ಟದ ಮೇಲೆ. ತೆಗೆಯುವಾಗ ಒಣ ಚಮಚ. ಮಕ್ಕಳು ಭರಣಿಯ ಹತ್ತಿರ ಸುಳಿದರೆ, “ಹಸಿ ಕೈ ಹಚ್ಚಬ್ಯಾಡ್ರೋ, ಮಳಿಗಾಲಕ್ಕ ಬೂಷ್ಟು ಬರ್ತೈತಿ” ಎನ್ನುತ್ತಿದ್ದಳು.

ಬೆಲ್ಲದಿಂದ ಕೂಡಿಡುವುದು ಸಕ್ಕರೆಯಿಂದ ಕೂಡಿಡುವುದಕ್ಕಿಂತ ಕಷ್ಟ. ಇದನ್ನು ಅಡುಗೆ ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತವೆ, ಸಕ್ಕರೆ ಇಲ್ಲದಿದ್ದರೆ ಬೆಲ್ಲ ಹಾಕಿ ಎಂದು. ಸಕ್ಕರೆ ಒಣ ಹರಳು, ಎಲ್ಲ ಕಡೆ ಒಂದೇ ಗುಣ. ಬೆಲ್ಲದೊಳಗೆ ನೀರಿನ ಅಂಶ ಇದೆ, ಗಾಣದಿಂದ ಗಾಣಕ್ಕೆ ಅದು ಬೇರೆ. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಆಷಾಢದ ಮೋಡಕ್ಕೆ ಪೆಂಟೆ ಬೆವರುತ್ತದೆ. ಹೀಗಾಗಿ ಬೆಲ್ಲದ ಗುಳಂಬಕ್ಕೆ ಹೆಚ್ಚು ಹೊತ್ತು ಉರಿ, ಹೆಚ್ಚು ಕಟ್ಟಿಗೆ, ಹೆಚ್ಚು ಎಚ್ಚರ. ಅಳತೆ ಯಂತ್ರದಿಂದ ಬರುವುದಿಲ್ಲ, ಕಣ್ಣಿನಿಂದ ಬೆರಳಿನಿಂದ ಬರಬೇಕು. ಬ್ರಿಟನ್ನಿನ ಕೇಂದ್ರದಲ್ಲಿ ಸರಕಾರಿ ಸಕ್ಕರೆ ಅಳೆದು ಹಾಕಿದವಳ ಕೌಶಲಕ್ಕಿಂತ ಬೇವೂರಿನಲ್ಲಿ ಗುರುತಿಲ್ಲದ ಗಾಣದ ಬೆಲ್ಲ ಹಾಕಿ ಅದೇ ಫಲ ಪಡೆದವಳ ಕೌಶಲ ಒಂದು ಕೈ ಮೇಲು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಬೆಲ್ಲವೂ ತುಟ್ಟಿಯಾದ ವರ್ಷಗಳಲ್ಲಿ ಆ ಕೌಶಲವೂ ಸೋತಿತು. ಆಗ ಮಾವು ಉಪ್ಪಿಗೆ ಹೋಯಿತು, ಹುಣಸೆ ತೊಕ್ಕಿಗೆ ಹೋಯಿತು. ಕವಳಿ, ಬಾರಿ ಹಣ್ಣುಗಳು ಬಿಸಿಲಿನಲ್ಲಿ ಒಣಗಿದವು. ಸಿಹಿ ಭರಣಿ ಒಂದು ವರ್ಷ ಖಾಲಿ ಉಳಿದರೆ ಅದನ್ನು ಬರೆದಿಡುವವರು ಯಾರೂ ಇರಲಿಲ್ಲ.

ಇನ್ನೊಂದು ಕಡೆ ಯುದ್ಧವೇ ಜಾಮ್ ಉದ್ಯಮವನ್ನು ಬೆಳೆಸಿತು. ಹೊರದೇಶದ ಡಬ್ಬಿಗಳು ಬರುವುದು ಕಡಿಮೆಯಾಗಿ, ಸೈನ್ಯಕ್ಕೆ ಜಾಮ್, ಡಬ್ಬಿ ಹಣ್ಣು ಬೇಕಾಗಿ, ಭಾರತದ ಹಣ್ಣು ಸಂಸ್ಕರಣಾ ಕಾರ್ಖಾನೆಗಳಿಗೆ ಬೇಡಿಕೆ ಏರಿತು. ಕಾರ್ಖಾನೆಯ ಕೊಪ್ಪರಿಗೆಗೆ ಸಕ್ಕರೆ ಹೋಯಿತು, ಮನೆಯ ಪಾತ್ರೆಗೆ ಹೋಗಲಿಲ್ಲ. ಯುದ್ಧಾನಂತರ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಶುರುವಾಯಿತು. ನಮ್ಮ ನಾಡಿಗೆ ಅದು ಹೆಮ್ಮೆಯ ಸಂಸ್ಥೆ, ಅದರ ಋಣ ದೊಡ್ಡದು. ಆದರೆ ಅಲ್ಲಿಂದ ಹೊರಟ ತಿಳಿವಳಿಕೆ ಬೇವೂರಿನ ಒಲೆಯವರೆಗೆ ನಡೆದು ಬರಲು ದಾರಿ ಯಾರೂ ಹಾಕಲಿಲ್ಲ.

1947ರ ಡಿಸೆಂಬರಿನಲ್ಲಿ, ಗಾಂಧೀಜಿಯವರ ಒತ್ತಾಯದ ನಡುವೆ, ಭಾರತ ಸರಕಾರ ಸಕ್ಕರೆಯ ಕಂಟ್ರೋಲ್ ತೆಗೆಯಿತು. ನದಿಯ ಆಚೆಗೆ ಅದು ಅನ್ವಯ. ಈಚೆಗೆ, ಹೈದರಾಬಾದ್ ಸಂಸ್ಥಾನದಲ್ಲಿ, ಸ್ವಾತಂತ್ರ್ಯವೇ ಬಂದಿರಲಿಲ್ಲ. 1948ರಲ್ಲಿ ಹೈದರಾಬಾದಿಗೆ ಸರಕು ಸಾಗಣೆ ಬಿಗಿಯಾಯಿತು, ರಜಾಕಾರರ ಹಾವಳಿ ಏರಿತು, ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂಡರಗಿ ಶಿಬಿರ, ಪುಂಡಲೀಕಪ್ಪ ಜ್ಞಾನಮೋಟೆಯವರ ಗಜೇಂದ್ರಗಡ ಶಿಬಿರಗಳ ಹೋರಾಟಗಾರರು ನಾಕಾಗಳ ಮೇಲೆ ದಾಳಿ ಇಟ್ಟರು. ಆ ಕರೋಡಗಿರಿ ನಾಕಾ ಹೆಣ್ಣುಮಕ್ಕಳಿಗೆ ಬೆಲ್ಲ, ಅರಿವೆ, ಉಪ್ಪಿನ ಮೇಲೆ ಕೂತ ಬಾಗಿಲಾಗಿತ್ತು ಎಂಬುದನ್ನು ವಿಮೋಚನೆಯ ಚರಿತ್ರೆ ಬರೆಯುವವರು ಮರೆಯಬಾರದು. ಸೆಪ್ಟೆಂಬರ್ 17ರಂದು ಹೈದರಾಬಾದ್ ವಿಮೋಚನೆಯಾಯಿತು. ಮರುವರ್ಷ ಜಹಗೀರು ಹೋಯಿತು. ಸಕ್ಕರೆಯ ಕಂಟ್ರೋಲ್ ಮಾತ್ರ 1949ರಲ್ಲಿ ಮರಳಿ ಬಂತು, 1952ರಲ್ಲಿ ಹೋಯಿತು, ಚೀನಾ ಯುದ್ಧದ ಬೆನ್ನಿಗೆ 1963ರಲ್ಲಿ ಮತ್ತೆ ಬಂತು.

ಈ ಸಭೆಯ ಹಿರಿಯರಿಗೆ ನೆನಪಿರುವ ಕಂಟ್ರೋಲ್ ಸಕ್ಕರೆ ಇದೇ. 1965ರ ಯುದ್ಧದ ವರ್ಷ, ಶಾಸ್ತ್ರೀಜಿಯವರು ಸೋಮವಾರ ರಾತ್ರಿ ಊಟ ಬಿಡಿ ಎಂದ ಕಾಲ. ಅಲ್ಲಿಂದ ಮುಂದೆ ಹಲವು ವರ್ಷ ಕಾರ್ಡಿನ ಮೇಲೆ ಅಳೆದು ಕೊಡುವ ಸಕ್ಕರೆ. ಹಬ್ಬಕ್ಕೆ ಒಂದಿಷ್ಟು ಹೆಚ್ಚು. ಮನೆಯಲ್ಲಿ ಮದುವೆ ಇದ್ದರೆ ಲಗ್ನಪತ್ರಿಕೆ ಹಚ್ಚಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಪರ್ಮಿಟ್ ಪಡೆಯುವುದು. ಪರ್ಮಿಟ್ಟಿಗಾಗಿ ಗಂಡಸರು ಯಲಬುರ್ಗಾ, ಕುಷ್ಟಗಿ ಕಚೇರಿಗಳ ಕಟ್ಟೆಯ ಮೇಲೆ ಕೂತದ್ದನ್ನು ಕಂಡವರು ಇಲ್ಲಿ ಇದ್ದಾರೆ. ಮದುವೆಗೆ ಸಕ್ಕರೆ ಕೊಟ್ಟ ಸರಕಾರವನ್ನು ನಾನು ದೂರುವುದಿಲ್ಲ, ಅದು ಜನರ ಮನಸ್ಸು ತಿಳಿದ ಕೆಲಸ. ಆದರೆ ಎರಡು ದೇಶಗಳ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ಅರ್ಜಿ ಹೆಣ್ಣುಮಗಳು ಎಷ್ಟು ಕೂಡಿಟ್ಟಳು ಎಂದು ಕೇಳಿತು. ಇಲ್ಲಿಯ ಅರ್ಜಿ ಎಷ್ಟು ಜನ ಉಣ್ಣುತ್ತಾರೆ ಎಂದು ಕೇಳಿತು. 1980ರ ದಶಕದಲ್ಲಿ ತಲೆಗೆ ತಿಂಗಳಿಗೆ 425 ಗ್ರಾಂ ಎಂಬ ಮಾನದಂಡ ಬಂದಾಗಲೂ ಅದು ಬಾಯಿಗಳ ಲೆಕ್ಕವೇ. 2013ರಲ್ಲಿ ಕಾರ್ಖಾನೆಗಳ ಮೇಲಿನ ಲೇವಿ ಸಕ್ಕರೆಯ ಕಟ್ಟಳೆ ಎದ್ದುಹೋಗುವವರೆಗೆ ಏಳು ದಶಕಗಳ ಕಂಟ್ರೋಲಿನ ಚರಿತ್ರೆಯಲ್ಲಿ ಗುಳಂಬಕ್ಕೆಂದು ಒಂದು ಪರ್ಮಿಟ್ ಹಳ್ಳಿಯ ಹೆಣ್ಣುಮಗಳ ಕೈಗೆ ಬಂದದ್ದನ್ನು ನಾನು ಕೇಳಿಲ್ಲ.

ಈ ನಡುವೆ ನಮ್ಮ ಸೀಮೆಯ ನೆಲವೇ ಬದಲಾಯಿತು. ಯುದ್ಧ ಇನ್ನೂ ಮುಗಿಯದ 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಹೊಳೆಯ ಎರಡೂ ದಂಡೆಯಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಬಂತು. ಮುನಿರಾಬಾದಿನಲ್ಲಿ ಸಾಲಾರ್ ಜಂಗ್ ಹೆಸರಿನ ಸಕ್ಕರೆ ಕಾರ್ಖಾನೆ ನಡೆಯಿತು. ಗಂಗಾವತಿ ಭತ್ತದ ಕಣಜವಾಯಿತು. ಯಲಬುರ್ಗಾ, ಕುಷ್ಟಗಿಗಳಿಗೆ ಕಾಲುವೆ ಬರಲಿಲ್ಲ. ನಾವು ಎರೆಹೊಲ, ಮಸಾರಿ, ಜೋಳ, ಕಡಲೆ, ಸಜ್ಜೆಯಲ್ಲೇ ಉಳಿದೆವು. ಕೊಳವೆಬಾವಿ, ಹನಿ ನೀರಾವರಿ ಬಂದ ಮೇಲೆ ದಾಳಿಂಬೆ ಹಾಕಿದರು, ಅಂಗಮಾರಿ ರೋಗ ಬಂದು ತೋಟಗಳು ಹೋದವು. ಈಗ ಮಾವು. ಕೊಪ್ಪಳದ ಕೇಸರ್ ಮಾವಿಗೆ ಹೊರಗೂ ಹೆಸರಿದೆ, ತೋಟಗಾರಿಕೆ ಇಲಾಖೆ ಕೊಪ್ಪಳದಲ್ಲಿ ಮಾವು ಮೇಳ ಮಾಡುತ್ತದೆ. ಮೇಳಕ್ಕೆ ಹೋಗಿ ಬನ್ನಿ, ಸಂತೋಷವಾಗುತ್ತದೆ. ಆದರೆ ಮೇ ತಿಂಗಳ ಗಾಳಿಮಳೆಗೆ ಉದುರಿದ ಕಾಯಿ, ಚುಕ್ಕೆ ಬಿದ್ದು ಬೇರ್ಪಡಿಸಿದ ಹಣ್ಣು ಏನಾಗುತ್ತದೆ ಎಂದು ತೋಟದವರನ್ನು ಕೇಳಿ. 1940ರಲ್ಲಿ ಬ್ರಿಟನ್ನಿನ ಹಿತ್ತಲಲ್ಲಿ ಬಿದ್ದ ಪ್ಲಮ್ಮಿನ ಗತಿಯೇ ಅದಕ್ಕೂ.

ಇವತ್ತು ಸಕ್ಕರೆ ಸಿಗದ ಊರಿಲ್ಲ. ಕೊರತೆ ಇರುವುದು ಜಾಗದ್ದು, ಪಾತ್ರೆಯದು, ಗಾಜಿನ ಬಾಟಲಿಯದು, ಮತ್ತು ಆ ಕೆಲಸವನ್ನು ಕೆಲಸವೆಂದು ಕಾಣುವ ಕಣ್ಣಿನದು. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ ಇಟ್ಟರು. ಅದು ಒಳ್ಳೆಯ ಹೆಜ್ಜೆ, ಆದರೆ ಉದ್ದಿಮೆ ಮಾಡುವವರಿಗೆ. ಮಾರುವುದಕ್ಕಲ್ಲದೆ ಮನೆಗೆ, ಬಂಧುಗಳಿಗೆ, ಮಳೆಗಾಲದಲ್ಲಿ ಮಕ್ಕಳ ರೊಟ್ಟಿಗೆ ಎಂದು ಕೂಡಿಡುವವಳಿಗೆ ಯಾವ ಯೋಜನೆಯಲ್ಲೂ ಒಂದು ಸಾಲನ್ನು ನಾನು ಕಂಡಿಲ್ಲ. ಆಕೆ ಉಳಿಸಿದ ಹಣ್ಣು ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ. ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯ ಇದೆ, ಗಂಗಾವತಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ತಿಳಿದವರಿಗೆ ಕೊರತೆ ಇಲ್ಲ. ಅವರು ಇಲ್ಲಿಗೆ ಬರಬೇಕು. ಕಲಿಸುವುದಕ್ಕೆ ಮಾತ್ರ ಬಂದರೆ ಸಾಲದು, ಕೇಳುವುದಕ್ಕೂ ಬರಬೇಕು. ಒಂದೆಳೆ ಪಾಕವನ್ನು ಬೆರಳಿನಲ್ಲಿ ಹಿಡಿದು ಹದ ಹೇಳುವವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಅವರ ಬೆರಳು ಹೇಳಿದ ಹದವನ್ನೂ ಯಂತ್ರ ಹೇಳುವ ಅಳತೆಯನ್ನೂ ಪಕ್ಕಪಕ್ಕ ಇಟ್ಟು ಬರೆದರೆ ಬೆಲ್ಲದ ಗುಳಂಬಕ್ಕೆ ಒಂದು ಭರವಸೆಯ ಪಾಠ ಸಿದ್ಧವಾಗುತ್ತದೆ.

ಈ ದತ್ತಿಯ ವೇದಿಕೆಯಿಂದ ನಾನು ಮೂರು ಬೇಡಿಕೆ ಇಡುತ್ತೇನೆ. ಗ್ರಾಮ ಪಂಚಾಯಿತಿ ತನ್ನ ಒಂದು ಖಾಲಿ ಕೋಣೆಯನ್ನು ಮಾವಿನ ಎರಡು ತಿಂಗಳು ಹೆಣ್ಣುಮಕ್ಕಳಿಗೆ ಬಿಟ್ಟುಕೊಡಲಿ. ದೊಡ್ಡ ಪಾತ್ರೆ, ಅನಿಲದ ಒಲೆ, ತೂಕದ ಯಂತ್ರ, ಪಾಕದ ತಾಪಮಾಪಕ ಇಷ್ಟಿದ್ದರೆ ಸಾಕು. ಮಾವು ಮೇಳ ನಡೆಸುವವರು ಮಾರಾಟದ ಮಳಿಗೆಗಳ ಜೊತೆಗೆ, ಉದುರಿದ ಕಾಯಿಯನ್ನು ಕೂಡಿಡುವ ಮನೆಗಳಿಗೆ ಸಕ್ಕರೆ ಅಥವಾ ಬೆಲ್ಲವನ್ನು ರಿಯಾಯಿತಿಯಲ್ಲಿ ಕೊಡುವ ಒಂದು ಮಳಿಗೆಯನ್ನೂ ಇಡಲಿ. ಮತ್ತು ಇಲ್ಲಿರುವ ಕಾಲೇಜು ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯ ಹೆಂಗಸರ ಮುಂದೆ ಕೂತು ಕಂಟ್ರೋಲ್ ಕಾಲದ ಅಡುಗೆಯನ್ನು ಬರೆದುಕೊಳ್ಳಲಿ. ಟ್ರಂಕಿನ ತಳದಲ್ಲಿ ಹಳೆಯ ರೇಶನ್ ಕಾರ್ಡು, ಮದುವೆ ಸಕ್ಕರೆಯ ಪರ್ಮಿಟ್ ಚೀಟಿ ಸಿಕ್ಕರೆ ಒಲೆಗೆ ಹಾಕಬೇಡಿ, ಅದರ ಚಿತ್ರ ತೆಗೆದು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಆ ಕಾಲ ಕಂಡವರಲ್ಲಿ ಉಳಿದವರು ಕೆಲವರೇ. ಈ ಬೇಸಿಗೆಯಲ್ಲೇ ಶುರು ಮಾಡಿ.